ಗೋಪುರವೂ ಗಾಳಿಯೂ: ನ್ಯೂಯಾರ್ಕಿನ ಒಂದು ಬ್ಯಾಂಕ್ ಕಟ್ಟಡದ ವೃತ್ತಾಂತ

ಬ್ಯಾಂಕಿನ ಕಟ್ಟಡವು ನೋಟಕ್ಕೇ ಗಟ್ಟಿಯಾಗಿರಬೇಕೆಂಬುದು ಹಳೆಯ ಕಾಲದ ನಂಬಿಕೆ. ಪರರ ಹಣವನ್ನು ಕಾಪಾಡುವ ಸಂಸ್ಥೆಯು ನಾಳೆಯೂ ಅಲ್ಲಿಯೇ ಇರುತ್ತದೆಂಬ ಭರವಸೆಯನ್ನು ಕಂಡ ಕೂಡಲೇ ಕೊಡಬೇಕಾದುದರಿಂದ, ಪಾಶ್ಚಾತ್ಯ ದೇಶಗಳ ಬ್ಯಾಂಕುಗಳು ಬಹುಕಾಲ ಗ್ರೀಕ್ ದೇವಾಲಯಗಳ ವೇಷವನ್ನು ಧರಿಸಿಕೊಂಡಿದ್ದವು. ದಪ್ಪ ಕಲ್ಲುಕಂಬಗಳು, ಎತ್ತರವಾದ ಮೆಟ್ಟಿಲುಗಳು, ಭಾರವಾದ ಬಾಗಿಲು; ಮುಂಬಯಿಯ ಕೋಟೆ ವಿಭಾಗದಲ್ಲಿ ಓಡಾಡಿದವರಿಗೆ ಈ ವೇಷವು ಅಪರಿಚಿತವಲ್ಲ. 1954ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮ್ಯಾನುಫ್ಯಾಕ್ಚರರ್ಸ್ ಟ್ರಸ್ಟ್ ಕಂಪನಿಯು ತನ್ನ ಶಾಖೆಯನ್ನು ಗಾಜಿನ ಪೆಟ್ಟಿಗೆಯಂತೆ ಕಟ್ಟಿಸಿ, ಖಜಾನೆಯ 30 ಟನ್ ತೂಕದ ಬಾಗಿಲನ್ನೇ ಬೀದಿಯವರಿಗೆ ಕಾಣುವಂತೆ ಇರಿಸಿದಾಗ ಆ ವೇಷವು ಕಳಚಿಬಿದ್ದಿತು. 1985ರಲ್ಲಿ ಹಾಂಗ್‌ಕಾಂಗಿನಲ್ಲಿ ನಾರ್ಮನ್ ಫಾಸ್ಟರನು ರಚಿಸಿದ ಹಾಂಗ್‌ಕಾಂಗ್ ಮತ್ತು ಶಾಂಘೈ ಬ್ಯಾಂಕಿನ ಕಟ್ಟಡದಲ್ಲಂತೂ ಅಂತಸ್ತುಗಳು ತೂಗುಸೇತುವೆಯ ಹಾಗೆ ಉಕ್ಕಿನ ಸ್ತಂಭಗಳಿಂದ ಜೋತುಬಿದ್ದಿವೆ. ಅವುಗಳ ಕೆಳಗಿನ ನೆಲವು ದಾರಿಹೋಕರಿಗೆ ತೆರೆದಿದೆ.

ಇವೆರಡರ ನಡುವಣ ಕಾಲದಲ್ಲಿ, 1977ರಲ್ಲಿ, ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಪೂರ್ಣಗೊಂಡ ಸಿಟಿಕಾರ್ಪ್ ಸೆಂಟರ್ ಎಂಬ ಗೋಪುರದ ಕಥೆಯು ಇವೆರಡಕ್ಕಿಂತಲೂ ವಿಚಾರಾರ್ಹವಾದುದು. 59 ಅಂತಸ್ತುಗಳು, 915 ಅಡಿಗಳ ಎತ್ತರ, 45 ಅಂಶದ ಕೋನದಲ್ಲಿ ಓರೆಯಾಗಿ ಕೊಯ್ದಂತಿರುವ ನೆತ್ತಿ. ಆ ಇಳಿಜಾರಿನಲ್ಲಿ ಸೂರ್ಯಶಕ್ತಿಯನ್ನು ಹಿಡಿಯುವ ಫಲಕಗಳನ್ನು ಇಡಬೇಕೆಂಬ ಯೋಚನೆಯಿತ್ತು. ಅದು ಕೈಗೂಡಲಿಲ್ಲ, ಆಕಾರ ಮಾತ್ರ ಉಳಿಯಿತು. ನೋಡುವವನ ಕಣ್ಣು ಮಾತ್ರ ನೆತ್ತಿಗಿಂತ ಮೊದಲು ಪಾದದ ಮೇಲೆಯೇ ನಿಲ್ಲುತ್ತದೆ. ಇಡೀ ಗೋಪುರವು ನೆಲದಿಂದ 114 ಅಡಿ ಮೇಲಕ್ಕೆ, ನಾಲ್ಕು ಬೃಹತ್ ಕಂಬಗಳ ಮೇಲೆ ನಿಂತಿದೆ. ಆ ಕಂಬಗಳಾದರೂ ಮೂಲೆಗಳಲ್ಲಿಲ್ಲ, ನಾಲ್ಕು ಬದಿಗಳ ನಡುಮಧ್ಯದಲ್ಲಿವೆ. ನಾಲ್ಕು ಮೂಲೆಗಳೂ 72 ಅಡಿಗಳಷ್ಟು ಶೂನ್ಯದಲ್ಲಿ ಚಾಚಿಕೊಂಡಿವೆ.

ಇದು ಸ್ಥಪತಿಯ ಹುಚ್ಚಾಟವಲ್ಲ, ನೆರೆಯವರೊಡನೆ ಮಾಡಿಕೊಂಡ ಕರಾರಿನ ಫಲ. ಆ ನಿವೇಶನದ ಒಂದು ಮೂಲೆಯಲ್ಲಿ 1905ರಿಂದಲೂ ಸೇಂಟ್ ಪೀಟರ್ಸ್ ಎಂಬ ಲೂಥರನ್ ಪಂಥದ ಚರ್ಚು ಇತ್ತು. ಅದರ ಸಭೆಯವರು ತಮ್ಮ ಭೂಮಿಯನ್ನೂ ಮೇಲಣ ಆಕಾಶದ ಹಕ್ಕನ್ನೂ ಬ್ಯಾಂಕಿಗೆ ಮಾರಲು ಒಪ್ಪಿದರು. ಆದರೆ ಅದೇ ಮೂಲೆಯಲ್ಲಿ ತಮಗೆ ಹೊಸ ಚರ್ಚು ಬೇಕು, ಅದು ಗೋಪುರಕ್ಕೆ ಅಂಟಿಕೊಳ್ಳದೆ ಪ್ರತ್ಯೇಕವಾಗಿ ನಿಲ್ಲಬೇಕು, ಗೋಪುರದ ಯಾವ ಕಂಬವೂ ಅದರೊಳಗೆ ಹಾಯಬಾರದು ಎಂದು ಷರತ್ತು ಹಾಕಿದರು. ಆದುದರಿಂದ ಸ್ಥಪತಿ ಹ್ಯೂ ಸ್ಟಬಿನ್ಸನೂ ಎಂಜಿನಿಯರು ವಿಲಿಯಂ ಲೆಮೆಷರನೂ ಮೂಲೆಯ ಕಂಬಗಳನ್ನೇ ಬಿಟ್ಟುಕೊಡಬೇಕಾಯಿತು.

ಲೆಮೆಷರನ ಉಪಾಯವು ಜಾಣತನದ್ದು. ಗೋಪುರದ ಪ್ರತಿಯೊಂದು ಮುಖದಲ್ಲಿಯೂ ಎಂಟೆಂಟು ಅಂತಸ್ತುಗಳಿಗೊಂದರಂತೆ, ಆಂಗ್ಲ ವಿ ಅಕ್ಷರದ ಆಕಾರದಲ್ಲಿ ಓರೆಯಾದ ಉಕ್ಕಿನ ತೊಲೆಗಳನ್ನು ಜೋಡಿಸಿ, ಮೂಲೆಗಳ ಭಾರವನ್ನು ಮುಖದ ಮಧ್ಯಕ್ಕೆ ತಂದು ಕಂಬಗಳಿಗೆ ಇಳಿಸಿದನು. ಗಾಳಿಯ ಒತ್ತಡವನ್ನು ತಡೆಯುವುದೂ ಈ ತೊಲೆಗಳ ಕೆಲಸವೇ. ಹೀಗೆ ಕಟ್ಟಿದ ಅಸ್ಥಿಪಂಜರವು ಬಹಳ ಹಗುರ: ಎಂಪೈರ್ ಸ್ಟೇಟ್ ಕಟ್ಟಡದ ಪಂಜರವು ಸುಮಾರು 60,000 ಟನ್ನಾದರೆ ಇದರದು ಸುಮಾರು 25,000 ಟನ್. ಹಗುರವಾದುದು ಗಾಳಿಗೆ ಹೆಚ್ಚು ತೂಗಾಡುತ್ತದಷ್ಟೆ. ಅದಕ್ಕೆ ಪ್ರತೀಕಾರವಾಗಿ ನೆತ್ತಿಯಲ್ಲಿ ಎಣ್ಣೆಯ ಪದರದ ಮೇಲೆ ತೇಲುವ, ಸುಮಾರು 400 ಟನ್ ತೂಕದ ಕಾಂಕ್ರೀಟಿನ ಗುಂಡನ್ನಿರಿಸಲಾಯಿತು. ಗೋಪುರವು ಒಂದು ಕಡೆಗೆ ವಾಲತೊಡಗಿದಾಗ ಈ ಗುಂಡು ತನ್ನ ಜಡತ್ವದಿಂದ ಹಿಂದುಳಿದು ಎದುರು ಕಡೆಗೆ ಎಳೆಯುತ್ತದೆ. ತೂಗಾಟವು ಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ಅದು ನಡೆಯುವುದು ವಿದ್ಯುತ್ತಿನಿಂದ. ಬಿರುಗಾಳಿಯಲ್ಲಿ ಮೊದಲು ಕೈಕೊಡುವುದು ವಿದ್ಯುತ್ತೇ.

ಕಟ್ಟಡವು ತೆರೆದು ವರ್ಷ ಕಳೆಯುವುದರೊಳಗೆ, 1978ರ ಬೇಸಗೆಯಲ್ಲಿ, ಒಬ್ಬ ವಿದ್ಯಾರ್ಥಿಯ ಪ್ರಶ್ನೆಯ ನಿಮಿತ್ತವಾಗಿ ಲೆಮೆಷರನು ತನ್ನ ಲೆಕ್ಕಗಳನ್ನು ಮತ್ತೆ ತೆರೆದನು. ನ್ಯೂಯಾರ್ಕಿನ ಕಟ್ಟಡ ನಿಯಮವು ಮುಖಕ್ಕೆ ನೇರವಾಗಿ ಬೀಸುವ ಗಾಳಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯುವಂತೆ ವಿಧಿಸಿತ್ತು. ಮೂಲೆಯ ಕಡೆಯಿಂದ ಬೀಸಿದರೆ? ಆಗ ಗಾಳಿಯು ಏಕಕಾಲಕ್ಕೆ ಎರಡು ಮುಖಗಳನ್ನು ತಳ್ಳುತ್ತದೆ. ಕೆಲವು ಓರೆತೊಲೆಗಳಲ್ಲಿ ಎರಡರ ಪರಿಣಾಮವೂ ಪರಸ್ಪರ ಕಳೆದುಹೋಗುತ್ತದೆ, ಉಳಿದವುಗಳಲ್ಲಿ ಕೂಡಿಕೊಳ್ಳುತ್ತದೆ. ಕೂಡಿಕೊಂಡ ತೊಲೆಗಳಲ್ಲಿ ಬಲವು ಶೇಕಡಾ 40ರಷ್ಟು ಏರುತ್ತದೆಂದು ಆತನಿಗೆ ಕಂಡುಬಂದಿತು.

ಇಷ್ಟೇ ಆಗಿದ್ದರೆ ತೊಲೆಗಳು ತಾಳಿಕೊಳ್ಳುತ್ತಿದ್ದವು. ಆದರೆ ತೊಲೆಗಳ ಕೀಲುಗಳನ್ನು ನಕ್ಷೆಯಲ್ಲಿದ್ದಂತೆ ಬೆಸೆದಿರಲಿಲ್ಲ, ಬೋಲ್ಟು ಹಾಕಿ ಬಿಗಿದಿದ್ದರೆಂಬುದು ಕೆಲವೇ ವಾರಗಳ ಹಿಂದೆ ಆತನಿಗೆ ತಿಳಿದಿತ್ತು. ಬೆಸುಗೆಗೆ ಖರ್ಚು ಹೆಚ್ಚು. ಬೋಲ್ಟಿನಿಂದ ಎರಡೂವರೆ ಲಕ್ಷ ಡಾಲರುಗಳಷ್ಟು ಉಳಿತಾಯವಾಗಿತ್ತು. ಅದು ಆಗಿನ ರೂಢಿಗೆ ವಿರುದ್ಧವೂ ಅಲ್ಲ. ಆತನ ಕಛೇರಿಯೇ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಆದರೆ ಶೇಕಡಾ 40 ಎಂಬ ಸಂಖ್ಯೆಯು ಕೀಲಿನಲ್ಲಿ ಬೇರೆಯೇ ರೂಪ ತಾಳುತ್ತದೆ. ಖಾತೆ ಪುಸ್ತಕ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಗಾಳಿಯು ಕೀಲನ್ನು ಎಳೆದು ಬಿಡಿಸಲು ನೋಡುತ್ತದೆ, ಕಟ್ಟಡದ ಸ್ವಂತ ಭಾರವು ಅದನ್ನು ಒತ್ತಿ ಹಿಡಿಯುತ್ತದೆ. ಬೋಲ್ಟಿನ ಪಾಲಿಗೆ ಬರುವುದು ಇವೆರಡರ ಶಿಲ್ಕು ಮಾತ್ರ. ಗಾಳಿಯ ಎಳೆತ 100, ಭಾರದ ಒತ್ತಡ 75 ಎಂದಿಟ್ಟುಕೊಂಡರೆ ಶಿಲ್ಕು 25. ಎಳೆತವು 140ಕ್ಕೇರಿದರೂ ಭಾರವು 75ರಲ್ಲಿಯೇ ನಿಲ್ಲುತ್ತದಾದ್ದರಿಂದ ಶಿಲ್ಕು 65ಕ್ಕೆ ನೆಗೆಯುತ್ತದೆ. ಒಂದು ಕಡೆಯ ಶೇಕಡಾ 40ರ ಏರಿಕೆಯು ಬೋಲ್ಟಿನಲ್ಲಿ ಶೇಕಡಾ 160 ಆಗುತ್ತದೆ. ಲೆಮೆಷರನು ಕಂಡ ಸಂಖ್ಯೆಯೂ ಇದೇ.

ಕೆನಡಾದಲ್ಲಿ ಗಾಳಿಸುರಂಗದ ಪರೀಕ್ಷೆಗಳನ್ನು ನಡೆಸಿದ್ದ ಅಲನ್ ಡ್ಯಾವೆನ್‌ಪೋರ್ಟನನ್ನು ಆತನು ಕಂಡುಬಂದನು. ಅನಂತರ ಮೇನ್ ಪ್ರಾಂತದ ಸರೋವರವೊಂದರ ದ್ವೀಪದಲ್ಲಿದ್ದ ತನ್ನ ಮನೆಗೆ ಹೋಗಿ, ಒಂದೊಂದು ಕೀಲನ್ನೂ ಲೆಕ್ಕ ಹಾಕಿದನು. 30ನೆಯ ಅಂತಸ್ತಿನ ಕೀಲು ಎಲ್ಲಕ್ಕಿಂತ ದುರ್ಬಲವಾಗಿತ್ತು. ವಿದ್ಯುತ್ತು ನಿಂತು ನೆತ್ತಿಯ ಗುಂಡು ಸ್ತಬ್ಧವಾದರೆ, ಆ ಊರಿನಲ್ಲಿ ಸರಾಸರಿ 16 ವರ್ಷಗಳಿಗೊಮ್ಮೆ ಬೀಸುವಂತಹ ಬಿರುಗಾಳಿಯೇ ಅದನ್ನು ಕಡಿಯಲು ಸಾಕು. ಇದರರ್ಥ 16 ವರ್ಷಗಳ ಅವಧಿ ಇದೆಯೆಂದಲ್ಲ. ಪ್ರತಿವರ್ಷವೂ ಹದಿನಾರರಲ್ಲಿ ಒಂದು ಪಾಲು ಅಪಾಯವಿದೆಯೆಂದು. ಬಿರುಗಾಳಿಯ ಋತು ಎದುರಿಗೇ ಇತ್ತು.

ಸುಮ್ಮನಿದ್ದುಬಿಡುವ ಯೋಚನೆ, ಪ್ರಾಣತ್ಯಾಗದ ಯೋಚನೆಯೂ ಆಗ ಮನಸ್ಸಿನಲ್ಲಿ ಹಾದುಹೋದವೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಎರಡನ್ನೂ ತಳ್ಳಿ, ಆಗಸ್ಟ್ ತಿಂಗಳ ಆರಂಭದಲ್ಲಿ ವಕೀಲರಿಗೂ ಬಳಿಕ ಬ್ಯಾಂಕಿನ ಹಿರಿಯ ಅಧಿಕಾರಿ ಜಾನ್ ರೀಡನಿಗೂ ಅಧ್ಯಕ್ಷ ವಾಲ್ಟರ್ ರಿಸ್ಟನನಿಗೂ ಎಲ್ಲವನ್ನೂ ತಿಳಿಸಿದನು. ತಪ್ಪು ಯಾರದೆಂಬ ವಾಗ್ವಾದವನ್ನು ಬದಿಗಿಟ್ಟು ಕೆಲಸಕ್ಕೆ ಕೈಹಚ್ಚಿದುದು ಬ್ಯಾಂಕಿನವರ ಹೆಚ್ಚುಗಾರಿಕೆಯೆನ್ನಬೇಕು. ಸಂಜೆ ನೌಕರರು ಮನೆಗೆ ಹೋದ ಮೇಲೆ ಬಡಗಿಗಳು ಗೋಡೆಯನ್ನು ಬಿಚ್ಚಿ ಕೀಲಿನ ಸುತ್ತ ಹಲಗೆಯ ಮರೆ ಕಟ್ಟುವರು. ರಾತ್ರಿಯೆಲ್ಲ ಬೆಸುಗೆಗಾರರು ಎರಡು ಅಂಗುಲ ದಪ್ಪದ ಉಕ್ಕಿನ ತಗಡುಗಳನ್ನು ಕೀಲಿನ ಮೇಲೆ ಬೆಸೆಯುವರು. ಬೆಳಕಾಗುವುದರೊಳಗೆ ಹೊಗೆ ಕಸಗಳನ್ನು ತೆಗೆದು, ಬೆಳಿಗ್ಗೆ ಬರುವ ಗುಮಾಸ್ತರಿಗೆ ಮೇಜು ಶುದ್ಧವಾಗಿರುವಂತೆ ನೋಡಿಕೊಳ್ಳುವರು. ಇನ್ನೂರಕ್ಕೂ ಮಿಕ್ಕ ಕೀಲುಗಳು ಹೀಗೆ ಭದ್ರವಾಗಬೇಕಾಗಿತ್ತು.

ಸೆಪ್ಟೆಂಬರ್ ಮೊದಲ ದಿನ ಎಲ್ಲಾ ಎಂಬ ಚಂಡಮಾರುತವು ಅಟ್ಲಾಂಟಿಕ್ ಕರಾವಳಿಯತ್ತ ಬರುತ್ತಿದ್ದಾಗ ಕೆಲಸವು ಇನ್ನೂ ಮುಗಿದಿರಲಿಲ್ಲ. ಸುತ್ತಣ ಬೀದಿಗಳನ್ನು ತೆರವು ಮಾಡಿಸುವ ಯೋಜನೆಯು ರೆಡ್ ಕ್ರಾಸಿನ ನೆರವಿನಿಂದ ಗುಟ್ಟಾಗಿ ಸಿದ್ಧವಾಗಿತ್ತು. ಚಂಡಮಾರುತವು ದಿಕ್ಕು ಬದಲಿಸಿ ಸಮುದ್ರದತ್ತ ತಿರುಗಿಹೋಯಿತು. ದುರಸ್ತಿಯು ಮುಗಿದ ಮೇಲೆ, 700 ವರ್ಷಗಳಿಗೊಮ್ಮೆ ಬೀಸಬಹುದಾದ ಗಾಳಿಯನ್ನೂ ಗೋಪುರವು ತಾಳಬಲ್ಲದೆಂದು ಲೆಕ್ಕ ಹಾಕಲಾಯಿತು. ಬ್ಯಾಂಕು ಲೆಮೆಷರನ ವಿಮೆಯಿಂದ 20 ಲಕ್ಷ ಡಾಲರುಗಳನ್ನು ಮಾತ್ರ ಪಡೆದು ಸುಮ್ಮನಾಯಿತು.

ಇಲ್ಲಿಯವರೆಗೆ ವೃತ್ತಾಂತವು ಶ್ಲಾಘ್ಯವಾದುದೇ. ಮರೆಮಾಚಿದ ಭಾಗವನ್ನು ಮಾತ್ರ ಹಾಗೆನ್ನಲಾಗದು. ಹೊಸದಾಗಿ ದೊರೆತ ಗಾಳಿಯ ಅಂಕಿಅಂಶಗಳ ಮೇರೆಗೆ ಕಟ್ಟಡವನ್ನು ಇನ್ನಷ್ಟು ಬಲಪಡಿಸಲಾಗುತ್ತಿದೆಯೆಂದು ಹೊರಗೆ ಹೇಳಲಾಯಿತು. ಆಗಸ್ಟ್ 10ರಿಂದ ನ್ಯೂಯಾರ್ಕಿನ ಪ್ರಮುಖ ದಿನಪತ್ರಿಕೆಗಳಲ್ಲಿ ಮುಷ್ಕರ ಆರಂಭವಾದುದರಿಂದ ಕೇಳುವವರೂ ಇರಲಿಲ್ಲ. ಕೆಲಸ ಮಾಡುವ ನೌಕರರಿಗೂ ನೆರಳಿನಲ್ಲಿ ವಾಸಿಸುವ ನೆರೆಯವರಿಗೂ ತಮ್ಮ ತಲೆಯ ಮೇಲಿದ್ದುದೇನೆಂದು ತಿಳಿಯಲಿಲ್ಲ. 1995ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಜೋ ಮಾರ್ಗನ್‌ಸ್ಟರ್ನನು ಬರೆಯುವವರೆಗೆ, ಎಂದರೆ 17 ವರ್ಷಗಳ ಕಾಲ, ಅದು ಗುಟ್ಟಾಗಿಯೇ ಉಳಿಯಿತು. ಗಾಬರಿಯನ್ನು ತಪ್ಪಿಸುವುದಕ್ಕಾಗಿ ಎಂಬ ಸಮಾಧಾನವುಂಟು. ಆದರೆ ಠೇವಣಿದಾರನಿಗೆ ತನ್ನ ಹಣದ ಲೆಕ್ಕವನ್ನು ಕೇಳುವ ಹಕ್ಕಿರುವಾಗ, ದಾರಿಹೋಕನಿಗೆ ತನ್ನ ಪ್ರಾಣದ ಲೆಕ್ಕವನ್ನು ಕೇಳುವ ಹಕ್ಕಿಲ್ಲವೆನ್ನುವುದು ಹೇಗೆ? ಇತರ ಎಂಜಿನಿಯರುಗಳಿಗೂ ಈ ಪಾಠವು ಅಷ್ಟು ವರ್ಷ ದೊರೆಯದೆ ಹೋಯಿತು.

ವಿಚಿತ್ರವೆಂದರೆ, ಲೆಕ್ಕವು ಅಲ್ಲಿಗೂ ಮುಗಿಯಲಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2019ರಲ್ಲಿ, ಇಂದಿನ ಗಾಳಿಸುರಂಗದ ದತ್ತಾಂಶಗಳಿಂದ ಇಂತಹದೇ ರಚನೆಯನ್ನು ಪರಿಶೀಲಿಸಿ, ಮೂಲೆಯಿಂದ ಬೀಸುವ ಗಾಳಿಯು ನೇರ ಗಾಳಿಗಿಂತ ಹೆಚ್ಚಿನ ಹೊರೆಯನ್ನು ಓರೆತೊಲೆಗಳ ಮೇಲೆ ಹೇರುವುದಿಲ್ಲವೆಂದು ತೋರಿಸಿದರು. ಅಪಾಯವು 1978ರಲ್ಲಿ ತೋರಿದಷ್ಟು ದೊಡ್ಡದಾಗಿರಲಿಲ್ಲವೆಂದು ಇದರಿಂದ ಊಹಿಸಬಹುದು. ಲೆಮೆಷರನು 2007ರಲ್ಲಿ ತೀರಿಕೊಂಡಿದ್ದುದರಿಂದ ಈ ಉತ್ತರವನ್ನು ಕೇಳಲಿಲ್ಲ. ಗೋಪುರವು ಈಗ 601 ಲೆಕ್ಸಿಂಗ್ಟನ್ ಅವೆನ್ಯೂ ಎಂಬ ತನ್ನ ವಿಳಾಸದಿಂದಲೇ ಕರೆಸಿಕೊಳ್ಳುತ್ತಿದೆ. 2016ರಲ್ಲಿ ನಗರವು ಅದನ್ನು ಸಂರಕ್ಷಿತ ಕಟ್ಟಡವೆಂದು ಸಾರಿತು. ಅದರ ಚಾಚಿದ ಮೂಲೆಯ ಕೆಳಗೆ ಚರ್ಚು ತನ್ನ ಕರಾರಿನಂತೆ ಪ್ರತ್ಯೇಕವಾಗಿಯೇ ನಿಂತಿದೆ. ಒಳಗೆ, ಕಛೇರಿಗಳ ಗೋಡೆಗಳ ಹಿಂದೆ, ಆ ರಾತ್ರಿಗಳಲ್ಲಿ ಬೆಸೆದ ಎರಡಂಗುಲದ ತಗಡುಗಳಿವೆ.