ಸಂಖ್ಯಾರೇಖೆ: ಎಣಿಸಬೇಕಾದದ್ದು ಹೆಜ್ಜೆಯನ್ನು

ನಾಲ್ಕಕ್ಕೆ ಮೂರು ಕೂಡಿಸು ಎಂದರೆ ಒಂದನೇ ತರಗತಿಯ ಎಷ್ಟೋ ಮಕ್ಕಳು ಸಂಖ್ಯಾರೇಖೆಯ 4ರ ಮೇಲೆ ಬೆರಳಿಟ್ಟು, ಅಲ್ಲೇ ‘ಒಂದು’ ಎಂದು ಶುರುಮಾಡಿ, 5ಕ್ಕೆ ‘ಎರಡು’, 6ಕ್ಕೆ ‘ಮೂರು’ ಎಂದು ಎಣಿಸಿ ಉತ್ತರ ಆರು ಎನ್ನುತ್ತಾರೆ. ಅವರಿಗೆ ಎಣಿಸಲು ಬರುತ್ತದೆ, ಏನನ್ನು ಎಣಿಸಬೇಕೆಂಬುದು ಮಾತ್ರ ಗೊತ್ತಾಗಿಲ್ಲ. ಒಂದು ಗುರುತಿನಿಂದ ಮುಂದಿನ ಗುರುತಿಗೆ ಇಡುವ ಹೆಜ್ಜೆಯನ್ನು ಎಣಿಸಬೇಕು.

ಅದಕ್ಕೇ ಪುಸ್ತಕದ ಗೆರೆಗಿಂತ ಮೊದಲು ನೆಲದ ಗೆರೆ ಬೇಕು. ಶಾಲೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದು, ಮಗುವಿನ ಒಂದು ಹೆಜ್ಜೆಯಷ್ಟು ಅಂತರ ಬಿಟ್ಟು 0ಯಿಂದ 10ರವರೆಗೆ ಬರೆಯಿರಿ. ಮಗು ಸೊನ್ನೆಯ ಮೇಲೆ ನಿಲ್ಲಲಿ. ನಿಂತಾಗ ಎಣಿಕೆಯಿಲ್ಲ, ಕಾಲೆತ್ತಿ ಮುಂದಿಟ್ಟಾಗ ‘ಒಂದು’.

ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಗಳಿಗೆ ಈ ಗೆರೆಯಿಂದ ಇನ್ನೊಂದು ಅನುಕೂಲವಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ ಆಂಧ್ರಕ್ಕೆ ಹೋಯಿತು. ಮಡಕಶಿರಾ ಇರುವುದೂ ಆಂಧ್ರದಲ್ಲೇ. ಇಲ್ಲಿನ ಮಕ್ಕಳ ಕಿವಿಗೆ ಅಂಕಿಗಳು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬೀಳುತ್ತವೆ. ಏಳು ಅನ್ನಲಿ, ಏಡು ಅನ್ನಲಿ, ಸೆವೆನ್ ಅನ್ನಲಿ, ಗೆರೆಯ ಮೇಲೆ ನಿಲ್ಲುವ ಜಾಗ ಒಂದೇ. ಯಾವ ಭಾಷೆಯಲ್ಲಿ ಎಣಿಸಿದರೂ ತಡೆಯಬೇಡಿ; ಜಾಗ ಸರಿಯಿದೆಯೇ ನೋಡಿ.

ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ದರ್ಜಿಯ ಅಳತೆ ಟೇಪು ಸಿಕ್ಕರೆ ಅದೇ ಒಳ್ಳೆಯ ಸಂಖ್ಯಾರೇಖೆ. ಇಂಚಿನ ಬದಿಯನ್ನು ಬಳಸಿ, ಪುಟ್ಟ ಬೆರಳಿಗೆ ಆ ಅಂತರ ಸಲೀಸು. ಆದರೆ ಟೇಪಿನಲ್ಲಿ ಸಾಮಾನ್ಯವಾಗಿ ಸೊನ್ನೆ ಅಚ್ಚಾಗಿರುವುದಿಲ್ಲ. ತುದಿಯ ತಗಡಿನ ಅಂಚೇ ಸೊನ್ನೆ ಎಂದು ಮುಟ್ಟಿಸಿ ತೋರಿಸಿ. ಇಲ್ಲವಾದರೆ ಮೊದಲ ಹೆಜ್ಜೆಯೇ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಆಟವೂ ಆಗಬೇಕು. ಅಮೆರಿಕದಲ್ಲಿ ಸಂಶೋಧಕರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ 1ರಿಂದ 10ರವರೆಗೆ ಸಾಲಾಗಿ ಬರೆದ ಮನೆಗಳ ಆಟ ಆಡಿಸಿದರು. ಒಂದೋ ಎರಡೋ ಬೀಳುತ್ತದೆ, ಅಷ್ಟು ಮನೆ ಮುಂದೆ. ಎರಡು ವಾರಗಳಲ್ಲಿ ಸುಮಾರು ಕಾಲು ಗಂಟೆಯ ನಾಲ್ಕು ಸರದಿ ಆಡಿಸಿದ್ದಕ್ಕೇ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿತೆಂದು 2008ರಲ್ಲಿ ಪ್ರಕಟಿಸಿದರು. ಮನೆಗಳನ್ನು ದುಂಡಗೆ ಜೋಡಿಸಿದಾಗ ಆ ಫಲ ಸಿಗಲಿಲ್ಲ. ಹಾಗಾಗಿ ಸುತ್ತಿ ಬರುವ ಚೌಕಾಬಾರ ಎಷ್ಟು ಸೊಗಸಾದ ಆಟವಾದರೂ ಈ ಕೆಲಸಕ್ಕೆ ನೇರ ಸಾಲೇ ವಾಸಿ. ಮೂರನೇ ಮನೆಯಲ್ಲಿದ್ದು ಎರಡು ಬಿದ್ದರೆ ‘ಒಂದು, ಎರಡು’ ಎನ್ನದೆ, ತಲುಪುವ ಮನೆಗಳ ಹೆಸರು ಹಿಡಿದು ‘ನಾಲ್ಕು, ಐದು’ ಎನ್ನಿಸಬೇಕು. ಇದನ್ನು ಸಡಿಲ ಬಿಡಬೇಡಿ.

ಕಳೆಯುವ ಲೆಕ್ಕಕ್ಕೆ ನೆಲದ ಗೆರೆಯನ್ನು 10ರಾಚೆಗೂ ಬೆಳೆಸಿ; ಅದರ ಮೇಲೆ ಎರಡು ದಾರಿಗಳಿವೆ. 13ರಲ್ಲಿ 2 ಕಳೆಯಲು ಎರಡು ಹೆಜ್ಜೆ ಹಿಂದೆ ಬಂದರಾಯಿತು. 13ರಲ್ಲಿ 9 ಕಳೆಯಲು ಒಂಬತ್ತು ಹೆಜ್ಜೆ ಹಿಂದೆ ಬರುವುದು ದಂಡ; 9ರಿಂದ 13ಕ್ಕೆ ಎಷ್ಟು ದೂರ ಎಂದು ಕೇಳಿ. ನಾಲ್ಕೇ ಹೆಜ್ಜೆ. ಕಳೆಯುವುದೆಂದರೆ ಎರಡರ ನಡುವಿನ ಅಂತರವೂ ಹೌದು ಎಂಬುದು ಮಗುವಿಗೆ ಕಾಲಿನಿಂದಲೇ ತಿಳಿಯುತ್ತದೆ.

ಎರಡಂಕಿ ಲೆಕ್ಕಕ್ಕೆ ಬರುವ ಹೊತ್ತಿಗೆ ಎಲ್ಲ ಗುರುತುಗಳನ್ನೂ ಬರೆದ ಗೆರೆಯೇ ಅಡ್ಡಿಯಾಗುತ್ತದೆ, ಮಗು ಒಂದೊಂದನ್ನೇ ಎಣಿಸುತ್ತಾ ಕೂರುತ್ತದೆ. ಆಗ ಗುರುತಿಲ್ಲದ ಬರೀ ಗೆರೆ ಕೊಡಿ; ನೆದರ್‌ಲ್ಯಾಂಡ್ಸ್‌ನ ಗಣಿತ ಶಿಕ್ಷಕರು ರೂಢಿಗೆ ತಂದ ಕ್ರಮವಿದು. 52ರಲ್ಲಿ 38 ಕಳೆಯಬೇಕು ಅನ್ನಿ. ಮಗು ಗೆರೆಯ ಒಂದು ಕಡೆ 38 ಬರೆದು 40ಕ್ಕೆ ಎರಡು, ಅಲ್ಲಿಂದ 50ಕ್ಕೆ ಹತ್ತು, ಮತ್ತೆ 52ಕ್ಕೆ ಎರಡು ಎಂದು ಮೂರು ಕಮಾನು ಎಳೆಯುತ್ತದೆ. ಕೂಡಿದರೆ 14. ಪಕ್ಕದ ಮಗು 38ರಿಂದ ನೇರ 48ಕ್ಕೆ ಹಾರಿ, ಆಮೇಲೆ ನಾಲ್ಕು ಸೇರಿಸಬಹುದು. ಎರಡಕ್ಕೂ ಸರಿ ಗುರುತು ಹಾಕಿ, ಹೇಗೆ ಹಾರಿದೆ ಎಂದು ಇಬ್ಬರಿಂದಲೂ ಬೋರ್ಡಿನ ಮೇಲೆ ಬರೆಸಿ ತೋರಿಸಿ.