ಉಬ್ಬದ, ಕುಗ್ಗದ ಹಿಡಿ

ಜೂನ್ ಎರಡನೇ ವಾರದ ಹೊತ್ತಿಗೆ ಹೊನ್ನಾವರ ಸೀಮೆಯ ಹಳೆಯ ಮನೆಗಳಲ್ಲಿ ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಮರದ ಕಪಾಟು ತೆರೆಯಬೇಕಾದರೆ ಒಬ್ಬರು ಎಳೆಯಬೇಕು, ಇನ್ನೊಬ್ಬರು ಗುದ್ದಬೇಕು. ಮಾರ್ಚಿನಲ್ಲಿ ಗಡಗಡ ಅಲ್ಲಾಡುತ್ತಿದ್ದ ಕೊಡಲಿಯ ಕಾವು ಈಗ ಅಲ್ಲಾಡುವುದಿಲ್ಲ. ಬೇಸಿಗೆಯಲ್ಲಿ ಸೌದೆ ಒಡೆಯುವ ಹಿಂದಿನ ರಾತ್ರಿ ಕೊಡಲಿಯ ತಲೆಯನ್ನು ನೀರಲ್ಲಿ ಮುಳುಗಿಸಿಡುವ ಉಪಾಯ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಮರದ ಸಾಮಾನೆಲ್ಲ ಈ ಲೆಕ್ಕಕ್ಕೆ ಬಗ್ಗಿಯೇ ಬದುಕಬೇಕು.

ಕೊಡಲಿಗೆ ಇದು ನಡೆದೀತು. ಅಡಿಕೆ ತೋಟದ ಮನೆಯ ಗೋಡೆಗೆ ನೇತುಹಾಕಿದ ಕೋವಿಗೆ ನಡೆಯುವುದಿಲ್ಲ. ನಳಿಗೆ ಕೂತ ಮರ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಹಾಗೇ ಉಳಿದರೆ ಗುರಿ ಸರಿಯುತ್ತದೆ. ತಿರುಪಿನ ಸುತ್ತ ತುಕ್ಕು ಕಟ್ಟಿ ಮರ ಕಪ್ಪಾಗುತ್ತದೆ. ಕಡೆಗೆ ಅದು ಒಡೆಯುವುದು ಕುದುರೆಯ ಹಿಂದಿನ ಸಪೂರ ಭಾಗದಲ್ಲಿ, ಅಂದರೆ ಕೈ ಹಿಡಿಯುವ ಜಾಗದಲ್ಲೇ. ಅಲ್ಲಿ ಮರ ತೆಳು, ಅದರ ಎಳೆಯೂ ಅಡ್ಡ ಹಾಯ್ದಿರುತ್ತದೆ. ಕೋವಿ ಕೈತಪ್ಪಿ ಬಿದ್ದರೆ ಮೊದಲು ಬಿರುಕು ಬಿಡುವುದೂ ಅಲ್ಲೇ. ತಾಮ್ರದ ತಂತಿ ಸುತ್ತಿ ಮೇಲೆ ಎಂ-ಸೀಲ್ ಮೆತ್ತುವುದು ಎಲ್ಲರಿಗೂ ಹೊಳೆಯುವ ಉಪಚಾರ.

ಆ ಎಂ-ಸೀಲಿನ ಎರಡು ತುಂಡುಗಳಲ್ಲೇ ಈ ಬರಹದ ವಸ್ತು ಇದೆ. ಒಂದು ತುಂಡು ಎಪಾಕ್ಸಿ ರಾಳ, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಸೋರುವ ಪೈಪಿಗೂ ಬಿರುಕುಬಿಟ್ಟ ನೀರಿನ ಟ್ಯಾಂಕಿಗೂ ಮೆತ್ತುವ ಈ ವಸ್ತುವನ್ನೇ ಕಣಕದ ಬದಲು ಜೇನಿನಂತೆ ಹರಿಯುವ ರೂಪದಲ್ಲಿ ಮಾಡಿ ಅಚ್ಚಿಗೆ ಎರೆದರೆ ಬೇಕಾದ ಆಕಾರದ ಹಿಡಿ ಸಿಗುತ್ತದೆ. ಬಂದೂಕಿನ ಹಿಡಿಯನ್ನು ತಮ್ಮ ಅಂಗೈಗೆ ತಕ್ಕಂತೆ ಮನೆಯ ಶೆಡ್ಡಿನಲ್ಲಿ ಎರಕ ಹೊಯ್ದುಕೊಳ್ಳುವುದು ಅಮೆರಿಕದಂಥ ದೇಶಗಳಲ್ಲಿ ಹಲವರ ಹವ್ಯಾಸ. ನಮ್ಮಲ್ಲಿ ಮನೆಮನೆಯ ರೆಸಿನ್ ಕೆಲಸ ಎಂದರೆ ಈಗ ಮದುವೆಯ ಹಾರವನ್ನು ಗಾಜಿನಂಥ ಫಲಕದೊಳಗೆ ಹುದುಗಿಸುವುದು, ಕೀ-ಚೈನು, ಕಿವಿಯೋಲೆ. ಎರಡರ ಕೈಚಳಕವೂ ಒಂದೇ. ಅಚ್ಚಿನಿಂದ ಹೊರಬಂದ ವಸ್ತುವನ್ನು ನೋಡುವ ಕಾನೂನಿನ ಕಣ್ಣು ಮಾತ್ರ ಬೇರೆ.

ಕಾನೂನಿನ ಮಾತು ಮುಗಿಸಿಯೇ ಮುಂದೆ ಹೋಗೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಶಸ್ತ್ರ’ ಎಂಬ ಪದದ ವ್ಯಾಖ್ಯೆಯೊಳಗೆ ಬಿಡಿಭಾಗಗಳೂ ಸೇರಿವೆ. ತಯಾರಿಕೆಗಷ್ಟೇ ಅಲ್ಲ, ದುರಸ್ತಿಗೂ ಪರವಾನಗಿ ಬೇಕು ಎನ್ನುವುದು ಅದರ 5ನೇ ಕಲಮು. 2019ರ ತಿದ್ದುಪಡಿ ಅಕ್ರಮ ತಯಾರಿಕೆಯ ಕನಿಷ್ಠ ಶಿಕ್ಷೆಯನ್ನು 7 ವರ್ಷಕ್ಕೆ ಏರಿಸಿತು. ಪರವಾನಗಿಯ ಅವಧಿಯನ್ನು 3ರಿಂದ 5 ವರ್ಷಕ್ಕೆ ಹಿಗ್ಗಿಸಿದ್ದೂ ಅದೇ ತಿದ್ದುಪಡಿ. ಬರೀ ಪ್ಲಾಸ್ಟಿಕ್ಕಿನ ಹಿಡಿ ಬಿಡಿಭಾಗವೋ ಅಲ್ಲವೋ ಎಂದು ವಕೀಲರು ವಾದಿಸಬಹುದು. ಆದರೆ ಆ ವಾದ ನಡೆಯುವುದು ಕೋರ್ಟಿನಲ್ಲಿ, ನಮ್ಮ ಜಗಲಿಯ ಮೇಲಲ್ಲ. ಆದ್ದರಿಂದ ಬೆಳೆ ರಕ್ಷಣೆಯ ಕೋವಿಯ ಮರ ಒಡೆದರೆ ಪರವಾನಗಿ ಇರುವ ಬಂದೂಕಿನ ಅಂಗಡಿಗೆ ಹೋಗುವುದೇ ಸರಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿಯನ್ನೂ 4.5 ಮಿಲಿಮೀಟರ್ ನಳಿಗೆಯನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಹಿಡಿಯ ಆಕಾರದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಹೆಚ್ಚಾಗಿ ಏರ್‌ಗನ್ ಗುರಿ ಕ್ರೀಡೆಯವರೇ.

ಕೊಡಗಿನದು ಬೇರೆಯೇ ಕತೆ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಮುಂದುವರಿದಿದೆ. ಆಯುಧ ಪೂಜಿಸುವ ಕೈಲ್ ಮುಹೂರ್ತದ ದಿನ ಅಲ್ಲಿ ತೋಕಿಗೆ, ಅಂದರೆ ಕೋವಿಗೆ, ಹೂವೇರುತ್ತದೆ. ನಮ್ಮ ಕರಾವಳಿಯಲ್ಲಿ ಕೋವಿಗೆ ಅಂಥ ಮರ್ಯಾದೆ ಇಲ್ಲ. ಅದು ಮಂಗ, ಕಾಡುಹಂದಿಯ ಜೊತೆಗಿನ ವರ್ಷಪೂರ್ತಿ ಜಗಳದ ಸಾಮಾನು. 1972ರ ವನ್ಯಜೀವಿ ಕಾಯ್ದೆ ಇರುವಾಗ ಬಹುಪಾಲು ಹೆದರಿಸುವ ಸದ್ದಿಗಷ್ಟೇ ಅದರ ಉಪಯೋಗ. ಆ ಸದ್ದನ್ನು ಗರ್ನಾಲೂ ಮಾಡುತ್ತದೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು ಎಂಬುದು ತೋಟದವರ ಹಳೆಯ ಗೊಣಗು.

ಮತ್ತೆ ರಾಳಕ್ಕೆ ಬರೋಣ. ಇದನ್ನು ಹೊಸ ವಸ್ತು ಎಂದುಕೊಳ್ಳುವುದು ನಮ್ಮ ಮರೆವು. ಘಟ್ಟದ ಕಾಡಿನ ಧೂಪದ ಮರಗಳು, ಹಾಲುಮಡ್ಡಿ ಮರ ಸುರಿಸುವುದು ರಾಳವನ್ನೇ. ಎಣ್ಣೆಯಲ್ಲಿ ಕಾಯಿಸಿದ ರಾಳ ದೋಣಿಯ ಹಲಗೆಗಳ ಸಂದು ಮುಚ್ಚುತ್ತಿತ್ತು. ಕತ್ತಿಯ ಬಾಲವನ್ನು ಮರದ ಹಿಡಿಯೊಳಗೆ ಕೂರಿಸಲು ಕಾಯಿಸಿದ ಅರಗು ಬಳಸುತ್ತಿದ್ದರು. ಅದು ಬಿಸಿಗೆ ಕರಗಿ ತಣ್ಣಗಾದಾಗ ಬಿಗಿಯುತ್ತದೆ. ಕತ್ತಿ ಸಡಿಲಾದರೆ ಮತ್ತೆ ಬಿಸಿ ಮಾಡಿ ಕೂರಿಸಬಹುದು. ಎಪಾಕ್ಸಿ ಈ ವಿಷಯದಲ್ಲಿ ಹಟಮಾರಿ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವ ಮಾತಿಲ್ಲ.

ಈ ಕಾರ್ಖಾನೆಯ ರಾಳವನ್ನು ಕರಾವಳಿಗೆ ದೊಡ್ಡ ಪ್ರಮಾಣದಲ್ಲಿ ತಂದಿದ್ದು ಫೈಬರ್ ದೋಣಿ. ಕಾಸರಕೋಡಿನಲ್ಲಿ, ತದಡಿಯಲ್ಲಿ, ಭಟ್ಕಳ ಬಂದರದಲ್ಲಿ ಪಾಲಿಯೆಸ್ಟರ್ ರಾಳದ ಘಾಟು ಮೀನಿನ ವಾಸನೆಯ ಜೊತೆಗೆ ಬೆರೆತಿದೆ. ಅಚ್ಚಿನ ಒಳಮೈಗೆ ಮೇಣ ಸವರಿ, ಗಾಜಿನ ನಾರಿನ ಚಾಪೆ ಹಾಸಿ, ರಾಳ ಕುಡಿಸಿ, ರೋಲರಿನಿಂದ ಗಾಳಿ ಒತ್ತಿ ತೆಗೆಯುವ ಕೆಲಸ ಅದು. ಹಿಡಿಯಾಗಲಿ ದೋಣಿಯಾಗಲಿ ತತ್ವ ಒಂದೇ, ಗಾತ್ರ ಬೇರೆ. ಆ ಕೆಲಸದವರು ಒಂದು ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. ಪಾಲಿಯೆಸ್ಟರಿಗೆ ಸೇರಿಸುವ ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಸುರಿಯುವಂತಿಲ್ಲ, ಸಿಡಿದೀತು. ಒಂದನ್ನು ಮೊದಲು ರಾಳದಲ್ಲಿ ಕದಡಿ ಆಮೇಲೆಯೇ ಇನ್ನೊಂದು.

ಇಲ್ಲೊಂದು ವಿಚಿತ್ರ ಸಂಕಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ದಡಕ್ಕೆ ಬರುತ್ತವೆ, ದುರಸ್ತಿಗೆ ಪುರುಸೊತ್ತು ಸಿಗುತ್ತದೆ. ಆದರೆ ರಾಳಕ್ಕೆ ಅತಿ ಕೆಟ್ಟ ಕಾಲವೂ ಅದೇ. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡುಜಿಡ್ಡಾದ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ತೊಳೆಯದೆ ಮೇಲೆ ಇನ್ನೊಂದು ಪದರ ಹಚ್ಚಿದರೆ ಸಿಪ್ಪೆಯಂತೆ ಏಳುತ್ತದೆ. ಎರಕದ ಹವ್ಯಾಸಿಗಳು ಮೆಚ್ಚುವ, ಹತ್ತು ನಿಮಿಷದಲ್ಲಿ ಗಟ್ಟಿಯಾಗುವ ಪಾಲಿಯುರೆಥೇನ್ ಇನ್ನೂ ಸೂಕ್ಷ್ಮ. ಅದರ ಒಂದು ದ್ರವ ನೀರಿನ ಪಸೆ ಕಂಡರೂ ಸಾಕು, ಇಂಗಾಲದ ಡೈಆಕ್ಸೈಡ್ ಬಿಟ್ಟು ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಹಿಡಿಯ ಬದಲು ಸ್ಪಂಜು ಸಿಗುತ್ತದೆ. ಮರ ಮಳೆಗೆ ಉಬ್ಬುತ್ತದೆಂದು ರಾಳಕ್ಕೆ ಹೋದವನನ್ನು ಮಳೆ ಅಲ್ಲಿಯೂ ಹಿಡಿಯಿತು!

ದಪ್ಪ ಹಿಡಿಯನ್ನು ಒಂದೇ ಸಲ ಎರೆಯುವ ಆಸೆಯದು ಇನ್ನೊಂದು ಪಾಠ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ, ಬೇಗ ಗಟ್ಟಿಯಾದಷ್ಟೂ ಬಿಸಿ. ಡಬ್ಬಿಯ ತಳದಲ್ಲಿ ಮಿಕ್ಕಿದ ರಾಳ ಹೊಗೆಯಾಡುತ್ತ ಕುದಿಯುವುದನ್ನು ಒಮ್ಮೆ ಕಂಡವರು ಮತ್ತೆ ಅಳತೆ ಮೀರಿ ಕಲಸುವುದಿಲ್ಲ. ಹಾರ್ಡ್‌ನರ್ ಹೆಚ್ಚು ಸುರಿದರೆ ಹೆಚ್ಚು ಗಟ್ಟಿಯಾಗುತ್ತದೆ ಎನ್ನುವುದು ಉಪ್ಪು ಹೆಚ್ಚು ಹಾಕಿದರೆ ಸಾರು ರುಚಿ ಎಂದಂತೆ. ಅಳತೆ ತಪ್ಪಿದ ಎಪಾಕ್ಸಿ ವರ್ಷ ಕಳೆದರೂ ಅಂಟಂಟಾಗಿಯೇ ಉಳಿಯಬಹುದು.

ತೇವದಲ್ಲೂ ಕಟ್ಟುವ ಹಾರ್ಡ್‌ನರ್ ಒಂದು ಇದೆ. ಹಡಗಿನ ಬಣ್ಣಗಳಲ್ಲಿ ಬಳಕೆಯಾಗುವ ಅದರ ಹೆಸರು ಫೀನಾಲ್ಕಮೈನ್. ಅದರ ಮೂಲ ದ್ರವ್ಯ ಕಾರ್ಡನಾಲ್, ಕಾರ್ಡನಾಲಿನ ಮೂಲ ಗೇರುಬೀಜದ ಸಿಪ್ಪೆಯ ಎಣ್ಣೆ. ಕುಮಟಾ, ಹೊನ್ನಾವರದವರಿಗೆ ಆ ಎಣ್ಣೆಯ ಪರಿಚಯ ಮಾಡಿಕೊಡಬೇಕಿಲ್ಲ. ಹಸಿ ಗೇರುಬೀಜ ಸುಟ್ಟು ತಿನ್ನಲು ಹೋಗಿ ಸೊನೆಗೆ ತುಟಿ ಸುಟ್ಟುಕೊಳ್ಳದ ಮಕ್ಕಳು ಈ ಕಡೆ ಎಷ್ಟಿದ್ದಾರು? ಗೆದ್ದಲು ಹಿಡಿಯದಂತೆ ಬೇಲಿಯ ಗೂಟಕ್ಕೆ, ಮಾಡಿನ ಪಕ್ಕಾಸಿಗೆ, ನೀರು ಕುಡಿಯದಂತೆ ದೋಣಿಯ ಮರಕ್ಕೆ ಹಚ್ಚುತ್ತಿದ್ದುದು ಇದನ್ನೇ. ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವ ಹೆಂಗಸರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಸವರಿಕೊಳ್ಳುತ್ತಾರೆ. ಆದರೂ ಬೆರಳ ತುದಿಯ ಕಪ್ಪು ಹೋಗುವುದಿಲ್ಲ. ನಮ್ಮ ಮಗ್ಗುಲಲ್ಲೇ ಬಿದ್ದ ಸಿಪ್ಪೆಯ ಎಣ್ಣೆ ಎಲ್ಲೋ ಹೋಗಿ ಹಾರ್ಡ್‌ನರ್ ಆಗಿ, ಡಬ್ಬಿ ಸೇರಿ, ದುಬಾರಿ ಬೆಲೆಗೆ ನಮ್ಮ ಬಂದರಕ್ಕೇ ಮರಳಬಹುದು. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗಿಡಕ್ಕೆ ಇಷ್ಟು ತಿರುಗಾಟ ಹೊಸದಲ್ಲ ಬಿಡಿ.

ಆದರೆ ಒಳ್ಳೆಯ ಹಿಡಿಗೆ ಒಳ್ಳೆಯ ರಾಳವಷ್ಟೇ ಸಾಲದು. ಸಿಲಿಕೋನಿನ ಅಚ್ಚು ನಿರ್ದಯವಾದ ನಕಲುಗಾರ. ಮೂಲದ ಮೇಲೆ ಬೆರಳಚ್ಚು ಇದ್ದರೆ ಎರಕದ ಮೇಲೂ ಅದು ಬರುತ್ತದೆ, ಅರದ ಗೆರೆ ಉಳಿದಿದ್ದರೆ ಅದೂ. ಹಾಗಾಗಿ ಮೊದಲು ಯಾರಾದರೂ ಮರದಲ್ಲಿ ಆ ಹಿಡಿಯನ್ನು ಕೆತ್ತಲೇಬೇಕು. ಹೆಬ್ಬೆರಳು ಒರಗುವ ತಗ್ಗು, ಅಂಗೈಯ ಹಳ್ಳ ತುಂಬುವ ಉಬ್ಬು, ಮಣಿಕಟ್ಟು ತಿರುಚದಂಥ ಓರೆ ಇವೆಲ್ಲ ಅಲ್ಲೇ ತೀರ್ಮಾನವಾಗಬೇಕು. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ನಡುವಿನ ಬಿಂದು ಅರ್ಧ ಮಿಲಿಮೀಟರ್ ಮಾತ್ರ. ಬಂದೂಕು ಐದೂವರೆ ಕಿಲೋ ಮೀರುವಂತಿಲ್ಲ. ಅಲ್ಲಿ ಹಿಡಿಯ ಒಂದು ಎಳೆಯಷ್ಟು ಹೆಚ್ಚುಕಡಿಮೆಯನ್ನೂ ಕೈ ಕಂಡುಹಿಡಿಯುತ್ತದೆ. ಅದಕ್ಕೇ ದುಬಾರಿ ಪಿಸ್ತೂಲಿನ ಅಕ್ರೋಟು ಮರದ ಹಿಡಿಗೂ ಆಟಗಾರರು ಪುಟ್ಟಿ ಮೆತ್ತಿ, ಉಜ್ಜಿ, ಮತ್ತೆ ಮೆತ್ತುತ್ತಾರೆ.

ಈ ಕೆತ್ತುವ ಕೈ ನಮ್ಮಲ್ಲಿದೆ. ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿ, ಸಾಗರ, ಸೊರಬದ ಗುಡಿಗಾರರು ಗಂಧದಲ್ಲಿ, ಶಿವಣೆಯಲ್ಲಿ, ಒಂದು ಕಾಲಕ್ಕೆ ದಂತದಲ್ಲಿ ಕೆತ್ತಿದವರು. ಮದುವೆಗೆ ಬೆಂಡಿನ ಬಾಸಿಂಗ ಮಾಡುವುದೂ ಅವರೇ. ಗಂಧ ಕೈಗೆಟುಕದಂತಾಗಿದೆ, ದಂತ ಕಾನೂನಿನಲ್ಲಿ ಮುಗಿದಿದೆ. ಪೇಟೆಯ ಅಂಗಡಿಗಳಲ್ಲಿ ಗಂಧದ ಗಣಪತಿಯ ಪಕ್ಕದಲ್ಲೇ ರಾಳದ ಎರಕದ ಗಣಪತಿ ಕಾಲು ಬೆಲೆಗೆ ಕೂತಿದ್ದಾನೆ. ಗುಡಿಗಾರರ ಅನ್ನ ಕಿತ್ತುಕೊಂಡಿದ್ದು ಇದೇ ಎರಕ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಎರಕದ ಗಣಪತಿಗೂ ಎಲ್ಲೋ ಒಬ್ಬ ಕೆತ್ತಿದ ಮೂಲ ಇತ್ತು ಎಂಬುದನ್ನು ಯಾರೂ ಕೇಳುವುದಿಲ್ಲ, ಆ ಕೈಗೆ ಒಂದು ಸಲದ ಕೂಲಿ ಬಿಟ್ಟು ಮತ್ತೇನೂ ಸಿಕ್ಕಿರಲಾರದು. ಕತ್ತಿಗೆ, ಚೂರಿಗೆ, ಕ್ರೀಡೆಯ ಸಾಮಾನಿಗೆ, ಬೆರಳು ಬಾಗದ ಮುದುಕರ ಚಮಚಕ್ಕೆ ಅಂಗೈ ಅಳತೆಯ ಹಿಡಿ ಬೇಕಾದವರು ಇದ್ದಾರೆ. ಜೇಡಿಮಣ್ಣಿನ ಮುದ್ದೆಯನ್ನು ಮುಷ್ಟಿಯಲ್ಲಿ ಹಿಸುಕಿಸಿ ಆ ಗುರುತು ನೋಡಿ ಶಿವಣೆಯಲ್ಲಿ ಮೂಲ ಕೆತ್ತುವುದು ಉಳಿ ಹಿಡಿದು ಬೆಳೆದವರಿಗೆ ಕಷ್ಟದ ಕೆಲಸವಲ್ಲ.

ಸಿಲಿಕೋನಿನ ಅಚ್ಚು ಶಾಶ್ವತವೂ ಅಲ್ಲ. ಒಂದೊಂದು ಎರಕದ ಬಿಸಿಗೂ ಅದರ ಒಳಮೈ ಸ್ವಲ್ಪ ಸ್ವಲ್ಪ ಒಣಗಿ ಬಿರುಸಾಗುತ್ತದೆ, ಮೂಲೆಗಳು ಹರಿಯುತ್ತವೆ. ಕೆಲವು ಹತ್ತು ಹಿಡಿಗಳು ಹೊರಬರುವಷ್ಟರಲ್ಲಿ ಅದನ್ನು ಎಸೆದು ಹೊಸ ಅಚ್ಚು ತೆಗೆಯಬೇಕು. ಆಗ ಕಪಾಟಿನ ಬಾಗಿಲು ಗುದ್ದಿ ತೆರೆದು, ಒಳಗೆ ಬಟ್ಟೆ ಸುತ್ತಿಟ್ಟ ಮರದ ಹಿಡಿಯನ್ನು ಹೊರಗೆ ತೆಗೆಯಬೇಕು. ಮಳೆಗಾಲವಾದರೆ ಅದು ಒಂದಿಷ್ಟು ಉಬ್ಬಿರುತ್ತದೆ. ಬಿಸಿಲು ಬರುವವರೆಗೆ ಕಾಯಬೇಕು.