ಊದಿಸಿದ ಮೇಲೆ: ಕುಡಿದು ಗಾಡಿ ಓಡಿಸಿದ ಕೇಸು, ಅದರ ಶಿಕ್ಷೆ, ಉಳಿದಿರುವ ವಾದ

ಬೀಗರ ಊಟ ಮುಗಿಸಿ ಚೌಲ್ಟ್ರಿ ಮುಂದೆ ಬೈಕಿನ ಕೀ ಹಿಡಿದು ನಿಂತವರನ್ನು ಕೇಳಿ ನೋಡಿ. ‘ಒಂದೇ ನೈಂಟಿ ಹಾಕಿರೋದು ಕಣಣ್ಣ, ಏನೂ ಆಗಲ್ಲ’ ಅನ್ನುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಪೊಲೀಸರು ಗಾಡಿ ನಿಲ್ಲಿಸಿದಾಗಲೂ ಬಾಯಿಗೆ ಬರುವ ಮೊದಲ ಮಾತು ಅದೇ. ಆದ್ದರಿಂದ ಆ ನೈಂಟಿಯ ಲೆಕ್ಕದಿಂದಲೇ ಶುರು ಮಾಡೋಣ. ನೀವು ತೂರಾಡುತ್ತಿದ್ದಿರೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ. ರಕ್ತದಲ್ಲಿ ಎಷ್ಟಿತ್ತು ಎಂದು ಕೇಳುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಗೆರೆ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಮದ್ಯಸಾರದ ಪ್ರಮಾಣ ಶೇ 42.8. ಅಂದರೆ 90 ಮಿಲಿಲೀಟರಿನ ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ. ಎಪ್ಪತ್ತು ಕೆ.ಜಿ. ತೂಕದ ಗಂಡಸು ಅದನ್ನು ಬರಿಹೊಟ್ಟೆಯಲ್ಲಿ ಬೇಗ ಕುಡಿದರೆ ರಕ್ತದ ಮಟ್ಟ 60ರ ಆಸುಪಾಸಿಗೆ ಏರುತ್ತದೆ, ಗೆರೆಯ ಎರಡರಷ್ಟು. ಊಟದ ಜೊತೆ ಕುಡಿದರೆ ಏರಿಕೆ ಸ್ವಲ್ಪ ತಗ್ಗೀತು, ಮೈ ಸಣ್ಣದಾದರೆ ಹೆಚ್ಚೀತು. ‘ಬರೀ ಬಿಯರ್’ ಎನ್ನುವವರ ಲೆಕ್ಕವೂ ಬೇರೆಯಲ್ಲ. ದೊಡ್ಡ ಬಾಟಲಿನ ಒಂದು ಸ್ಟ್ರಾಂಗ್ ಬಿಯರಿನಲ್ಲಿ ನೈಂಟಿಗಿಂತ ಹೆಚ್ಚು ಮದ್ಯಸಾರವಿರುತ್ತದೆ.

ಏರಿದ್ದನ್ನು ಇಳಿಸುವುದು ಬಹುಪಾಲು ಪಿತ್ತಜನಕಾಂಗವೇ, ಅದೂ ಗಂಟೆಗೆ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 15 ಮಿಲಿಗ್ರಾಂನಂತೆ. ಕಾಫಿ, ನಿಂಬೆಹುಳಿ, ಮಜ್ಜಿಗೆ, ತಣ್ಣೀರ ಸ್ನಾನ ಇವು ಯಾವುವೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗಿನ ಐದಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟಾಗಲೂ ಗೆರೆಯ ಮೇಲೇ ಇರಬಹುದು. ನಿದ್ದೆ ಮಾಡಿ ಎದ್ದಿದ್ದೇನೆ ಎಂಬ ಧೈರ್ಯವನ್ನು ಪೊಲೀಸರು ಊದಿಸುವ ಯಂತ್ರ ಒಪ್ಪುವುದಿಲ್ಲ.

ಗಾಡಿ ಯಾವುದಾದರೂ ಕಾನೂನು ಒಂದೇ. ಮೊಪೆಡ್ ಆಗಲಿ, ಕಬ್ಬು ಹೇರಿಕೊಂಡು ಮೈಶುಗರ್‌ಗೋ ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಗೋ ಹೊರಟ ಟ್ರ್ಯಾಕ್ಟರ್ ಆಗಲಿ, ಎಲ್ಲವೂ ಮೋಟಾರು ವಾಹನವೇ. ‘ಊರೊಳಗೆ ತಾನೆ ಓಡಿಸ್ತಿದ್ದೆ’ ಎಂಬ ಸಮಾಧಾನವೂ ನಿಲ್ಲದು. ಜನ ಓಡಾಡುವ ಹಕ್ಕಿರುವ ಯಾವ ದಾರಿಯೂ ಸಾರ್ವಜನಿಕ ಸ್ಥಳವೇ, ಅದು ನಾಲೆ ಏರಿಯ ರಸ್ತೆಯಾದರೂ ಸರಿ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥ ಮುಚ್ಚಿತು. ಅವೆಲ್ಲ ಈಗ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಶಾಲೆಯ ಸೈಕಲ್ಲು, ಸಂತೆಯಿಂದ ನಡೆದು ಬರುವ ಹೆಂಗಸರು, ಎದುರಿನಿಂದ ಬರುವ ಬೈಕು ಎಲ್ಲವೂ ಅದೇ ಕಿರಿದಾದ ಜಾಗದಲ್ಲಿವೆ. ಕುಡಿದವನ ಕೈ ತಪ್ಪಿದರೆ ಅಲ್ಲಿ ಪೆಟ್ಟು ಬೀಳುವುದು ಇವರಿಗೆ. ಈ ಅಧ್ಯಾಯದ ಮುಂದಿನ ಭಾಗ ಆರೋಪಿಯ ಹಕ್ಕುಗಳನ್ನು ಹೇಳುತ್ತದೆ, ಆದರೆ ಅದನ್ನು ಓದುವಾಗಲೂ ಇವರನ್ನು ಮರೆಯಬಾರದು.

ಶಿಕ್ಷೆಗೆ ಬರೋಣ. 2019ರ ಸೆಪ್ಟೆಂಬರ್ 1ರವರೆಗೆ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 2,000 ರೂಪಾಯಿ ಇತ್ತು. ತಿದ್ದುಪಡಿಯಾದ ಮೇಲೆ ಅದು 10,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕರೆ 15,000 ರೂಪಾಯಿ, ಇಲ್ಲವೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಹಿಂದೆ ಮೂರು ವರ್ಷದೊಳಗೆ ಮತ್ತೆ ಸಿಕ್ಕಿದರೆ ಮಾತ್ರ ಅದನ್ನು ಎರಡನೇ ತಪ್ಪೆಂದು ಎಣಿಸುತ್ತಿದ್ದರು. ಆ ಮಿತಿಯನ್ನೂ ತೆಗೆದುಹಾಕಲಾಗಿದೆ. ಹತ್ತು ವರ್ಷದ ಹಿಂದಿನ ಶಿಕ್ಷೆಯೂ ಇಂದು ಲೆಕ್ಕಕ್ಕೆ ಬರಬಹುದು. ಕುಡಿದವನಿಗೆ ಗಾಡಿ ಕೊಟ್ಟು ‘ಹೋಗ್ ಬಾ’ ಎಂದು ಕುಮ್ಮಕ್ಕು ಕೊಟ್ಟವನಿಗೂ 188ನೇ ಸೆಕ್ಷನ್ ಪ್ರಕಾರ ಅದೇ ಶಿಕ್ಷೆ.

ಈ ದಂಡವನ್ನು ಹೆಲ್ಮೆಟ್ ದಂಡದ ಹಾಗೆ ರಸ್ತೆ ಬದಿಯಲ್ಲಿ ಕಟ್ಟಿ ಮುಗಿಸಲು ಬರುವುದಿಲ್ಲ. ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ. ಕೇಸು ನ್ಯಾಯಾಲಯಕ್ಕೇ ಹೋಗಬೇಕು, ದಂಡ ಅಲ್ಲೇ ಕಟ್ಟಬೇಕು, ರಸೀದಿ ಅಲ್ಲೇ ಪಡೆಯಬೇಕು. ರಸ್ತೆಯಲ್ಲಿ ಯಾರ ಕೈಗಾದರೂ ಕೊಟ್ಟ ದುಡ್ಡು ದಂಡವಾಗುವುದಿಲ್ಲ.

ಹಿಡಿದ ಹೊತ್ತಿನಲ್ಲಿ ನಡೆಯಬೇಕಾದ ಕ್ರಮ ಹೀಗಿದೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮಾನ ಬಂದರೆ ಅಲ್ಲೇ ಅಥವಾ ಹತ್ತಿರದಲ್ಲಿ ಊದಿಸಬಹುದು. ‘ನಾನು ಊದಲ್ಲ’ ಎಂದು ಹಟ ಹಿಡಿದರೆ ಬಿಡುಗಡೆ ಸಿಗುವುದಿಲ್ಲ. ಹಾಗೆ ನಿರಾಕರಿಸಿದವನ ಮೇಲೆ ಕುಡಿದ ಅನುಮಾನವಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು, ರಕ್ತ ತೆಗೆಸಬಹುದು. ಸಕಾರಣವಿಲ್ಲದೆ ನಿರಾಕರಿಸಿದ್ದನ್ನು 205ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ಆರೋಪಿಯ ವಿರುದ್ಧವೇ ಪರಿಗಣಿಸಬಹುದು. ಹೆಂಗಸಿನ ರಕ್ತವನ್ನು ಗಂಡು ವೈದ್ಯ ತೆಗೆಯುವುದಾದರೆ ಇನ್ನೊಬ್ಬ ಹೆಂಗಸು ಅಲ್ಲಿರಲೇಬೇಕು.

ಬಂಧಿಸಿದರೆ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಟ್ಟು ಕಳಿಸಬೇಕು. 202ನೇ ಸೆಕ್ಷನ್ನಿನ ಈ ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಹಿಡಿದ ಗಂಟೆ, ಮಂಡ್ಯದ ಮಿಮ್ಸ್‌ಗೋ ತಾಲ್ಲೂಕು ಆಸ್ಪತ್ರೆಗೋ ಕರೆದೊಯ್ದ ಗಂಟೆ, ಈ ಎರಡನ್ನು ಮನೆಯವರು ಬರೆದಿಟ್ಟುಕೊಳ್ಳಬೇಕು. ಎರಡು ಗಂಟೆ ಮೀರಿತೆಂದು ಕೇಸು ತಾನಾಗಿ ಬಿದ್ದುಹೋಗದು, ವಾದಕ್ಕೆ ಮಾತ್ರ ಬಲ ಬರುತ್ತದೆ. ಈ ಅಪರಾಧಕ್ಕೆ ಜಾಮೀನು ಹಕ್ಕಾಗಿ ಸಿಗುತ್ತದೆ, ಠಾಣೆಯಲ್ಲೇ ಪಡೆಯಬಹುದು. ಜೊತೆಗೆ ಕುಡಿಯದ, ಲೈಸೆನ್ಸ್ ಇರುವ ಒಬ್ಬರಿದ್ದರೆ ಗಾಡಿಯನ್ನು ಅವರ ಕೈಗೆ ಒಪ್ಪಿಸಿ ಎಂದು ಮರ್ಯಾದೆಯಿಂದ ಕೇಳಿ.

ಇನ್ನು ವಾದ. ಈರುಳ್ಳಿ ಅಗಿದರೆ, ಕರ್ಪೂರ ಬಾಯಿಗೆ ಹಾಕಿದರೆ ಯಂತ್ರಕ್ಕೆ ಗೊತ್ತಾಗಲ್ಲ ಎಂಬ ಮಾತುಗಳನ್ನೆಲ್ಲ ಬಿಟ್ಟುಬಿಡಿ. ವಾಸನೆ ಮುಚ್ಚೀತು, ಶ್ವಾಸಕೋಶದಿಂದ ಬರುವ ಗಾಳಿಯಲ್ಲಿನ ಮದ್ಯಸಾರ ಹೋಗದು. ಆದರೆ ಕುಡಿಯದವನೂ ಸಿಕ್ಕಿಕೊಳ್ಳುವ ಸಂದರ್ಭ ನಿಜಕ್ಕೂ ಇದೆ. ದಶಮೂಲಾರಿಷ್ಟದಂಥ ಆಯುರ್ವೇದದ ಅರಿಷ್ಟಗಳಲ್ಲಿ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿ, ಬಾಯಿ ಮುಕ್ಕಳಿಸುವ ದ್ರವಗಳಲ್ಲಿ ಮದ್ಯಸಾರವಿರುತ್ತದೆ. ಔಷಧಿಯ ಒಂದು ಗುಟುಕು ರಕ್ತವನ್ನು 30ಕ್ಕೆ ಏರಿಸುವುದಿಲ್ಲ. ಆದರೂ ಬಾಯಲ್ಲಿ ಉಳಿದ ಹನಿ ಯಂತ್ರದ ಸಂಖ್ಯೆಯನ್ನು ಕೆಲವು ನಿಮಿಷ ಮೇಲೆತ್ತಬಲ್ಲದು. ಹಾಗಾದಾಗ ಕೂಗಾಡದೆ ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ಊದಿಸಿ ಎಂದು ಕೇಳಬೇಕು, ರಕ್ತ ಪರೀಕ್ಷೆಗೂ ಒಪ್ಪಬೇಕು. ಕುಡಿಯದವನಿಗೆ ರಕ್ತ ಪರೀಕ್ಷೆಗಿಂತ ದೊಡ್ಡ ಸಾಕ್ಷಿ ಇಲ್ಲ.

ನ್ಯಾಯಾಲಯದಲ್ಲಿ ವಕೀಲರು ಮೊದಲು ನೋಡುವುದು ಯಂತ್ರದ ಚೀಟಿ. ಅದರಲ್ಲಿ ದಿನಾಂಕ, ಗಂಟೆ, ಯಂತ್ರದ ಸಂಖ್ಯೆ ಇವೆಯೇ? ಯಂತ್ರವನ್ನು ಯಾವಾಗ ಸರಿಹೊಂದಿಸಿ ಪ್ರಮಾಣಪತ್ರ ಪಡೆದಿದ್ದಾರೆ? ಊದಿಸುವ ಮೊದಲು ಖಾಲಿ ಗಾಳಿಯಲ್ಲಿ ಸೊನ್ನೆ ತೋರಿಸಿತ್ತೇ? ಹಾಗೆ ಸೊನ್ನೆ ತೋರಿಸದ ಯಂತ್ರದ ಫಲಿತಾಂಶವನ್ನು ನಂಬಲಾಗದೆಂದು ಕೇರಳ ಹೈಕೋರ್ಟ್ 2025ರಲ್ಲಿ ಕೇಸೊಂದರಲ್ಲಿ 185ರ ಆರೋಪವನ್ನು ರದ್ದು ಮಾಡಿತು. ವೈದ್ಯರು ‘ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು’ ಎಂದಷ್ಟೇ ಬರೆದಿದ್ದರೆ ಅದೂ ದುರ್ಬಲ. ವಾಸನೆ, ತಡವರಿಸುವ ನಡಿಗೆ, ಹಿಗ್ಗಿದ ಕಣ್ಣಾಲಿ ಇಷ್ಟರಿಂದಲೇ, ರಕ್ತ ಅಥವಾ ಮೂತ್ರದ ಪರೀಕ್ಷೆಯಿಲ್ಲದೆ, ಕುಡಿದಿದ್ದ ಎಂದು ತೀರ್ಮಾನಿಸಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ರಕ್ತ ತೆಗೆದಿದ್ದರೆ ಸೀಸೆಗೆ ಸೀಲ್ ಹಾಕಿದ್ದು ಯಾರು, ಪ್ರಯೋಗಾಲಯಕ್ಕೆ ತಲುಪುವವರೆಗೆ ಎಲ್ಲಿತ್ತು, ಚರ್ಮ ಒರೆಸಲು ಸ್ಪಿರಿಟ್ ಬಳಸಿದರೇ ಎಂಬ ಪ್ರಶ್ನೆಗಳು ಬರುತ್ತವೆ. ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಸರಳ: ಓಡಿಸುತ್ತಿದ್ದವನು ಇವನೇನಾ? ಬೈಕಿನ ಹಿಂದೆ ಕೂತವನ ಮೇಲೆ 185 ನಿಲ್ಲುವುದಿಲ್ಲ. ಆದರೆ ಓಡಿಸಲು ಯತ್ನಿಸಿದ್ದೂ ಅಪರಾಧ ಎಂಬುದು ನೆನಪಿರಲಿ.

ಇವು ಯಾವುವೂ ತಪ್ಪಿತಸ್ಥನನ್ನು ಪಾರುಮಾಡುವ ಉಪಾಯಗಳಲ್ಲ. ಜೈಲಿಗೆ ಕಳಿಸುವ ಮೊದಲು ಸರ್ಕಾರ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆಯೇ ಎಂದು ಕೇಳುವುದು ಪ್ರಜೆಯ ಹಕ್ಕು. ಚೀಟಿ ಸರಿಯಿದ್ದು, ರಕ್ತದ ವರದಿಯೂ ಬಂದಿದ್ದರೆ, ‘ಬಿಡಿಸಿಕೊಡ್ತೀನಿ’ ಎಂದು ಫೀಸು ಕೇಳುವವರ ಮಾತನ್ನು ನಂಬಬೇಡಿ.

ಇದರ ಜೊತೆಗೆ ನನಗೆ ಹೆಚ್ಚು ಕಳವಳ ತರುವ ಸಂಗತಿ ಒಂದಿದೆ. ‘ಹತ್ತು ಸಾವಿರ ಕಟ್ಟಿದ್ರೆ ಮುಗೀತು’ ಎಂದು ಕಾಗದ ಪತ್ರ ನೋಡದೆಯೇ ತಪ್ಪೊಪ್ಪಿಕೊಂಡು ಬರುವವರು ಬಹಳ. ತಪ್ಪೊಪ್ಪಿಕೊಂಡ ಮೇಲೆ ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನಿಗೆ ಹೊರತಾಯಿತು ಎಂದು ಮಾತ್ರ ಮೇಲ್ಮನವಿ ಹಾಕಬಹುದು, ತಪ್ಪೇ ಮಾಡಿಲ್ಲ ಎನ್ನುವಂತಿಲ್ಲ. ಆ ಶಿಕ್ಷೆ ದಾಖಲೆಯಾಗಿ ಉಳಿಯುತ್ತದೆ. ಲೈಸೆನ್ಸನ್ನು ಪೊಲೀಸರು ಆರ್‌ಟಿಒಗೆ ಕಳಿಸುತ್ತಾರೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಕನಿಷ್ಠ ಮೂರು ತಿಂಗಳ ಅಮಾನತಿಗೆ 2015ರಲ್ಲೇ ಸೂಚಿಸಿದೆ. ಅಮಾನತು ಮಾಡುವ ಮೊದಲು ನಿಮ್ಮ ಮಾತು ಕೇಳಬೇಕು, ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿರಬೇಡಿ. ಆಟೊ, ಟೆಂಪೊ, ಲಾರಿ ಓಡಿಸಿ ಬದುಕುವವರಿಗೆ ಮೂರು ತಿಂಗಳು ಲೈಸೆನ್ಸ್ ಇಲ್ಲವೆಂದರೆ ಮೂರು ತಿಂಗಳು ಮನೆಯ ಒಲೆಗೆ ಕುತ್ತು.

ಅಪಘಾತವಾದರೆ ಲೆಕ್ಕವೇ ಬೇರೆ. ನಿರ್ಲಕ್ಷ್ಯದಿಂದ ಸಾವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಡಿ ಐದು ವರ್ಷದವರೆಗೆ ಜೈಲು. ಕುಡಿದು ಓಡಿಸಿದರೆ ಜನ ಸಾಯಬಹುದೆಂದು ಗೊತ್ತಿದ್ದೂ ಓಡಿಸಿದ ಎಂದು ರುಜುವಾತಾದರೆ 105ನೇ ಸೆಕ್ಷನ್, ಹತ್ತು ವರ್ಷದವರೆಗೆ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಕುಡಿದು ಓಡಿಸಿದ ಕಾರು ಹರಿದು, ಪಾದಚಾರಿ ದಾರಿಯಲ್ಲಿ ಮಲಗಿದ್ದ ಏಳು ಕೂಲಿಕಾರರು ಸತ್ತರು. ಹಳೆಯ ಸಂಹಿತೆಯಲ್ಲಿ ಈ 105ಕ್ಕೆ ಸಮನಾದ ಕಲಮಿನಡಿ ಹೈಕೋರ್ಟ್ ವಿಧಿಸಿದ್ದ ಮೂರು ವರ್ಷದ ಶಿಕ್ಷೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ವಿಮೆಯೂ ಕೈಬಿಡುತ್ತದೆ. ಕುಡಿದು ಓಡಿಸಿದರೆ ನಿಮ್ಮ ಗಾಡಿಯ ರಿಪೇರಿಗೆ ಕಂಪನಿ ದುಡ್ಡು ಕೊಡುವುದಿಲ್ಲ. ರಕ್ತ ಪರೀಕ್ಷೆ ಆಗಿರದಿದ್ದರೂ ಸನ್ನಿವೇಶ ನೋಡಿ ಹಣ ನಿರಾಕರಿಸಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು ಮೊದಲು ಕಂಪನಿಯಿಂದ ಕೊಡಿಸಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಆದೇಶಿಸುವುದುಂಟು. ಆ ಮೊತ್ತ ಲಕ್ಷಗಳಲ್ಲಿರುತ್ತದೆ. ಜಮೀನು ಮಾರದೆ ಅದನ್ನು ತೀರಿಸುವ ಶಕ್ತಿ ನಮ್ಮ ಎಷ್ಟು ಮನೆಗಳಿಗಿದೆ?

ಸಮನ್ಸ್ ಬಂದರೆ ತಪ್ಪಿಸಿಕೊಳ್ಳಬೇಡಿ, ವಾರಂಟ್ ಆಗುತ್ತದೆ. ಆರೋಪಪಟ್ಟಿಯ ಪ್ರತಿ ಉಚಿತವಾಗಿ ಪಡೆಯುವುದು ಆರೋಪಿಯ ಹಕ್ಕು. ಅದನ್ನು ಓದಿಸಿದ ಮೇಲೇ ತಪ್ಪೊಪ್ಪಿಕೊಳ್ಳಬೇಕೋ ಬೇಡವೋ ತೀರ್ಮಾನಿಸಿ. ವಕೀಲರನ್ನು ಇಡಲು ಶಕ್ತಿಯಿಲ್ಲದವರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಹೆಂಗಸರು, ಬಂಧನದಲ್ಲಿರುವವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರನ್ನು ಕೇಳಬಹುದು. ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಸಹಾಯವಾಣಿಯ ಸಂಖ್ಯೆ 15100.